ಟಿಸಿ ಕೊಡ್ತಿಲ್ಲ ಅಂತ ಬರೋರ ಜೊತೆ ನಾನು ಮಾಡೋದು

ನಾನು ತಾಲ್ಲೂಕು ಕಾನೂನು ಸೇವಾ ಸಮಿತೀಲಿ ಪಿಎಲ್‌ವಿ, ಅಂದ್ರೆ ಪ್ಯಾರಾ ಲೀಗಲ್ ವಾಲಂಟಿಯರ್. ಲಾಯರ್ ಅಲ್ಲ, ಜನರನ್ನ ಲಾಯರ್ ಹತ್ರ, ಆಫೀಸ್ ಹತ್ರ ಕರ್ಕೊಂಡು ಹೋಗೋ ಸ್ವಯಂಸೇವಕಿ. ಜೂನ್ ಬಂತಂದ್ರೆ ನಮ್ಮಲ್ಲಿಗೆ ಬರೋ ತಾಯಂದ್ರು ಹೆಚ್ಚಾಗಿ ಒಂದೇ ಕಷ್ಟ ಹೇಳ್ತಾರೆ, ಫೀಸ್ ಬಾಕಿ ಇದೆ ಅಂತ ಪ್ರೈವೇಟ್ ಸ್ಕೂಲ್‌ನವ್ರು ಟಿಸಿ ಕೊಡ್ತಿಲ್ಲ, ಸರ್ಕಾರಿ ಶಾಲೇಲಿ ಟಿಸಿ ತನ್ನಿ ಅಂತಾರೆ, ಮಗು ಮನೇಲಿ ಕೂತಿದೆ.

ಬಿಪಿಎಲ್ ಕಾರ್ಡ್ ಇಲ್ಲ, ನಮಗೆಲ್ಲಿ ಫ್ರೀ ಲಾಯರ್ ಕೊಡ್ತಾರೆ ಅಂತ ಎಷ್ಟೋ ಜನ ಬರೋದೇ ಇಲ್ಲ. ಇದು ನಂಗೆ ತುಂಬಾ ಬೇಜಾರಾಗೋ ವಿಷ್ಯ, ಯಾಕಂದ್ರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಹೆಂಗಸ್ರು, ಮಕ್ಕಳು, ಎಸ್‌ಸಿ ಎಸ್‌ಟಿಯವ್ರು, ಅಂಗವಿಕಲರು ಇವರಿಗೆಲ್ಲ ಆದಾಯ ನೋಡೋ ಹಾಗೇ ಇಲ್ಲ. ತಾಯಿ ಹೆಸರಲ್ಲಿ ಅರ್ಜಿ ಹಾಕ್ಸಿದ್ರೆ ಆಯ್ತು.

ಆಮೇಲೆ ನಾನು ಕೇಳೋದು, ಅಕ್ಕ, ಟಿಸಿ ಬೇಕು ಅಂತ ಬರೆದು ಕೊಟ್ಟಿದೀರಾ ಅಂತ. ಎಲ್ರೂ ಬಾಯಲ್ಲೇ ಕೇಳಿರ್ತಾರೆ, ಸ್ಕೂಲ್‌ನವ್ರೂ ಬಾಯಲ್ಲೇ ಇಲ್ಲ ಅಂದಿರ್ತಾರೆ, ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ಹೋದ್ರೆ ತೋರ್ಸಕ್ಕೆ ಏನೂ ಇರಲ್ಲ. ಅದಕ್ಕೆ ಅಲ್ಲೇ ಕೂರಿಸ್ಕೊಂಡು ಅರ್ಜಿ ಬರೆಸ್ತೀನಿ, ಎರಡು ಕಾಪಿ, ಒಂದರ ಮೇಲೆ ಸ್ಕೂಲ್ ಸೀಲು ತಾರೀಖು ಹಾಕ್ಸ್ಕೊಂಡು ಬನ್ನಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ಅಂತೀನಿ. ಆ ರಸೀದಿ ಇದ್ರೆ ಅರ್ಧ ಕೆಲಸ ಆದಂಗೆ.

ಅಲ್ಲೀತನಕ ಮಗು ಕಾಯ್ಬಾರ್ದು. 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಿಂಟ್ ಹಿಡ್ಕೊಂಡು ಸರ್ಕಾರಿ ಶಾಲೆ ಹೆಡ್‌ಮಾಸ್ಟರ್ ಹತ್ರ ಹೋಗ್ತೀನಿ. ಟಿಸಿ ತಡ ಆಯ್ತು ಅನ್ನೋ ಕಾರಣಕ್ಕೆ ಅಡ್ಮಿಷನ್ ನಿಲ್ಸೋ ಹಾಗಿಲ್ಲ, ಹಳೇ ಸ್ಕೂಲ್‌ನವ್ರು ಕೇಳಿದ ಕೂಡ್ಲೇ ಟಿಸಿ ಕೊಡ್ಬೇಕು ಅಂತ ಅದ್ರಲ್ಲೇ ಇದೆ. ಕೆಲವು ಹೆಡ್‌ಮಾಸ್ಟರ್‌ಗಳು ಓದಿ ಆವತ್ತೇ ಸೇರಿಸ್ಕೊಂಡಿದಾರೆ, ಇನ್ನು ಕೆಲವರು ಬಿಇಒ ಹೇಳ್ಲಿ ಅಂತಾರೆ, ಆಗ ಬಿಇಒಗೂ ಒಂದು ಅರ್ಜಿ. ಇಷ್ಟಕ್ಕೂ ಹಳೇ ಸ್ಕೂಲ್ ಬಗ್ಗದಿದ್ರೆ ಸಮಿತಿಯಿಂದ ಪತ್ರ ಹೋಗುತ್ತೆ, ಕೋರ್ಟ್ ಕಾಂಪೌಂಡಿಂದ ಬಂದ ಕಾಗದ ಅಂದ್ಮೇಲೆ ಅವರ ಮಾತಿನ ಧಾಟಿ ಬೇರೆ ಆಗೋದನ್ನ ನಾನೇ ನೋಡಿದೀನಿ.

ಹಾಗಂತ ಫೀಸ್ ಬಾಕಿ ಮಾಫಿ ಆಗಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಬಾಕಿ ವಸೂಲಿ ಬೇರೆ ವಿಷ್ಯ, ಅದಕ್ಕೆ ಮಗುವಿನ ಟಿಸಿ ಒತ್ತೆ ಇಟ್ಕೊಳ್ಳೋದು ತಪ್ಪು. ಒಂಬತ್ತು, ಹತ್ತನೇ ಕ್ಲಾಸಿಗೆ ಈ ದಾರಿ ನೇರವಾಗಿ ನಡೆಯಲ್ಲ, ಆರ್‌ಟಿಇ ಎಂಟನೇವರೆಗೆ ಮಾತ್ರ, ಅಲ್ಲಿ ಮೊದ್ಲೇ ಪ್ಯಾನೆಲ್ ಲಾಯರ್ (ಸಮಿತಿ ಪಟ್ಟೀಲಿರೋ ಲಾಯರ್) ಕೈಲಿ ನೋಟಿಸ್ ಕೊಡ್ಸೋದು ವಾಸಿ. ಕೋರ್ಟ್‌ವರೆಗೆ ಬರಕ್ಕಾಗದೇ ಇರೋರು ಕಾನೂನು ಸೇವಾ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳ್ಬಹುದು.