ಅಪ್ಪನ ಕಾಂಟೆಸ್ಸಾದೊಳಗೊಂದು ಬೋನು

ಕಾರು ಮಗುಚಿದರೆ ಒಳಗಿದ್ದವರು ಜಜ್ಜಿಹೋಗದಂತೆ ಕಾಯುವ ಕಬ್ಬಿಣದ ಪೈಪಿನ ಚೌಕಟ್ಟು, ಅಂದರೆ ರೋಲ್ ಕೇಜ್, ಕೂರಿಸಿ ಮುಗಿದ ಮೇಲೆ ಕಾರನ್ನು ಟೋಯಿಂಗ್ ಗಾಡಿಯಿಂದ ಮನೆ ಮುಂದೆ ಇಳಿಸಿದೆ. ಅಮ್ಮ ಕಿಟಕಿಯಲ್ಲಿ ಬಗ್ಗಿ ನೋಡಿ, "ಇದೇನೋ ಇದು, ಫಾರೆಸ್ಟ್‌ನೋರು ಚಿರತೆಗೆ ಇಡೋ ಬೋನಿದ್ದಂಗಿದೆ?" ಅಂದರು. ತುಮಕೂರು ಸೀಮೆಯವರಿಗೆ ಆ ಬೋನು ಹೊಸದೇನಲ್ಲ. ಹೋಲಿಕೆಯೂ ತಪ್ಪಲ್ಲ. ಬೋನಿನಲ್ಲಿ ಮೇಕೆ ಕಟ್ಟುವ ಜಾಗದಲ್ಲಿ ನಾನು ಕೂರುತ್ತೇನೆ, ಅಷ್ಟೇ ವ್ಯತ್ಯಾಸ.

ಕಾರು ಅಪ್ಪನದು. 1992ರ ಕಾಂಟೆಸ್ಸಾ ಕ್ಲಾಸಿಕ್, ಕೆಎ 06 ನಂಬರು. ಉದ್ದನೆಯ ಬಾನೆಟ್ಟು, ಅಗಲ ಮೂತಿ ನೋಡಿ ಇದನ್ನು ನಮ್ಮ ದೇಶದ ಮಸಲ್ ಕಾರ್ ಅಂತಾರೆ. ಅಸಲಿಗೆ ಇದು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್. ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಇಲ್ಲಿ ತಯಾರಿಸಿದರು. ಮೊದಮೊದಲು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ನನ್ನೇ ಹಾಕಿದ್ದರು, ಪಾಪ, ಅದು ಈ ಮೈಯನ್ನು ಎಳೆಯುತ್ತಿರಲಿಲ್ಲ. ಆಮೇಲೆ ಇಸುಜು 1.8 ಪೆಟ್ರೋಲ್ ಬಂತು. ನಮ್ಮದು ಅದೇ. ಅಮೆರಿಕದ ಎಂಟು ಸಿಲಿಂಡರಿನ ವಿ8 ಎಂಜಿನ್ ಮುಂದೆ ಇದು ಹಾಲುಗೂಸು, ಆದರೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಮಣ್ಣಿನ ಮೈದಾನದಲ್ಲಿ ಬಾಲ ಆಡಿಸುತ್ತಾ ಓಡಿಸುವ ಮಜಾನೇ ಬೇರೆ.

ಆ ಮಜಾದಲ್ಲೇ ಒಂದು ದಿನ ಗೆಳೆಯನ ಕಾರು ಮಣ್ಣಿನ ಮೈದಾನದಲ್ಲಿ ನಡೆಯುವ ರೇಸು, ಅಂದರೆ ಆಟೋಕ್ರಾಸ್‌ನಲ್ಲಿ ಮಗುಚಿತು. ಅವನಿಗೆ ಭುಜಕ್ಕೆ ಏಟಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಮುಂದಿನ ಗಾಜಿನ ಪಕ್ಕದ ಕಂಬ ಸ್ಟೇರಿಂಗ್ ಮಟ್ಟಕ್ಕೆ ಬಗ್ಗಿದ್ದನ್ನು ನೋಡಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾಂಟೆಸ್ಸಾದ ಕಂಬಗಳು ಅದಕ್ಕಿಂತ ತೆಳು.

ಕೇಜ್‌ನಲ್ಲಿ ಎರಡು ದಾರಿ. ಕಾರಿನ ಮೈಗೇ ಪೂರ್ತಿ ವೆಲ್ಡ್ ಮಾಡಿಬಿಡೋದು ಒಂದು. ಬೋಲ್ಟ್ ಹಾಕಿ ಕೂರಿಸೋದು ಇನ್ನೊಂದು. ವೆಲ್ಡ್ ಮಾಡಿದ್ದು ಜಾಸ್ತಿ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅಪ್ಪನ ಕಾರಿಗೆ ಇಡೀ ಕೇಜನ್ನೇ ಶಾಶ್ವತವಾಗಿ ಬೆಸೆಯಲು ಮನಸ್ಸಾಗಲಿಲ್ಲ. ಕಾನೂನಿನ ಲೆಕ್ಕವೂ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಳೇ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಹೋಗಬೇಕು. ಹಾಗಾಗಿ ಬಿಚ್ಚಿ ತೆಗೆಯುವಂಥದ್ದೇ ಇರಲಿ ಅಂದುಕೊಂಡೆ.

ಕಾಂಟೆಸ್ಸಾಗೆ ರೆಡಿಮೇಡ್ ಕಿಟ್ ನನಗೆಲ್ಲೂ ಸಿಗಲಿಲ್ಲ. ಅಂತರಸನಹಳ್ಳಿಯಲ್ಲಿ ಪರಿಚಯದ ಫ್ಯಾಬ್ರಿಕೇಶನ್ ಶೆಡ್ ಇದೆ, ಮಿಗ್ ವೆಲ್ಡಿಂಗ್ ಇದೆ, ನನ್ನ ಹತ್ತಿರ ಜಗತ್ತಿನ ಮೋಟಾರ್ ರೇಸಿಂಗ್ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಿಂಟ್ ಇದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಸೀಟು ಬಿಚ್ಚಿ ಮ್ಯಾಟ್ ಎತ್ತಿದ ಕೂಡಲೇ ಆ ಲೆಕ್ಕ ಸತ್ತುಹೋಯಿತು.

ಮ್ಯಾಟ್ ಕೆಳಗಿನ ಹಳೇ ಫೆಲ್ಟ್ ಒದ್ದೆಯಾಗಿತ್ತು. ಕಾರು ಶೆಡ್ಡಿನಲ್ಲೇ ಇದ್ದದ್ದು, ಮಳೆ ಬಿದ್ದು ತಿಂಗಳಾಗಿತ್ತು. ಆದರೂ ಹಿಂಡಿದರೆ ನೀರು ಬರುತ್ತಿತ್ತು. ಟಿಂಕರ್ ಮೇಸ್ತ್ರಿ ಸ್ಕ್ರೂಡ್ರೈವರ್ ತಗೊಂಡು ಡ್ರೈವರ್ ಸೀಟಿನ ಹಿಂದೆ, ಬಾಗಿಲ ಕೆಳಗಿನ ಸಿಲ್ ಮೂಲೆಯಲ್ಲಿ ಸುಮ್ನೆ ಒಂದು ಚುಚ್ಚಿದರು. ಹಪ್ಪಳ ಮುರಿದ ಸದ್ದು. ಸ್ಕ್ರೂಡ್ರೈವರ್ ಹಿಡಿಯವರೆಗೂ ಕೆಳಗೆ ಹೋಯಿತು. "ಸಾರ್, ನಿಮ್ಮ ಪೈಪು ನಿಲ್ಲೋದು ಇದರ ಮೇಲೇನಾ?" ಅಂದರು. ಸರಿಯಾಗಿ ಅದೇ ಜಾಗ. ಡ್ರೈವರ್ ಸೀಟಿನ ಹಿಂದೆ ಕಾರಿನ ಅಡ್ಡಕ್ಕೆ ನಿಲ್ಲುವ ದೊಡ್ಡ ಕಮಾನು ಪೈಪಿಗೆ ಮೇನ್ ಹೂಪ್ ಅನ್ನುತ್ತಾರೆ. ಮೇನ್ ಹೂಪ್‌ನ ಎಡ-ಬಲ ಕಾಲುಗಳು ನಿಲ್ಲಬೇಕಿದ್ದದ್ದು ಆ ಎರಡು ಮೂಲೆಗಳಲ್ಲೇ.

ಕೇಜ್ ಬಗ್ಗೆ ಮಾತಾಡುವವರೆಲ್ಲ ಪೈಪಿನ ದಪ್ಪ, ಪೈಪಿನ ಗ್ರೇಡು ಅಂತಲೇ ಮಾತಾಡುತ್ತಾರೆ. ನಾನೂ ಹಾಗೇ ಇದ್ದೆ. ಕಾಂಟೆಸ್ಸಾಗೆ ಜೀಪಿನ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕಾರು ಮಗುಚಿದಾಗ ಪೈಪು ಮುರಿಯೋದು ಅಪರೂಪ, ಪೈಪಿನ ಕಾಲು ನೆಲದ ಶೀಟನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತೆ. ಕಾಲು ಅರ್ಧ ಅಡಿ ಇಳಿದರೆ ಹೂಪ್ ಅರ್ಧ ಅಡಿ ತಗ್ಗಿದ ಹಾಗೆ. ಮಳೆ ಬಿದ್ದ ತೋಟದಲ್ಲಿ ಏಣಿ ನಿಲ್ಲಿಸುವಾಗ ಕಾಲಿನ ಕೆಳಗೆ ಹಲಗೆ ಇಡುತ್ತೇವಲ್ಲ, ಅದೇ ಕಥೆ. ಎಫ್‌ಐಎ ಕೇಳುವ ಹಲಗೆ ಕನಿಷ್ಠ 3 ಎಂಎಂ ದಪ್ಪ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ಪ್ಲೇಟು, ಅದೂ ಕಾರಿನ ಮೈಗೆ ವೆಲ್ಡ್ ಆಗಿರಬೇಕು. ತುಕ್ಕು ಹಿಡಿದ ಹಪ್ಪಳಕ್ಕೆ ವೆಲ್ಡ್ ಮಾಡೋದು ಹೇಗೆ?

ಹಾಗಾಗಿ ಮೊದಲ ಮೂರು ವಾರ ಕೇಜ್ ಕೆಲಸವೇ ಆಗಲಿಲ್ಲ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ಇಳಿಸಿದೆವು. ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿದೆವು. ಮೇಸ್ತ್ರಿ ಕೊಳೆತ ಶೀಟನ್ನು ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸುತ್ತಾ ಹೋದರು. ನಾನು ಅಂಗೈ ಅಗಲ ಅಂದುಕೊಂಡಿದ್ದು ಕೊನೆಗೆ ಊಟದ ಎಲೆಯಷ್ಟಾಯಿತು. 18 ಗೇಜ್ ಸಿಆರ್ ಶೀಟು ತಂದು, ಹಳೇ ನೆಲದ ಉಬ್ಬುತಗ್ಗು ಹಾಗೇ ಬರುವಂತೆ ಮರದ ದಿಮ್ಮಿಯ ಮೇಲೆ ಬಡಿದು ಬಡಿದು ಆಕಾರ ಕೊಟ್ಟರು. ಆ ಕೈಗೆ ನೀವು ಏನು ಕೂಲಿ ಕೊಟ್ಟರೂ ಕಮ್ಮಿ. ಪ್ಲೇಟನ್ನು ಚಪ್ಪಟೆಯಾಗಿ ಬಿಡದೆ 'ಎಲ್' ಆಕಾರಕ್ಕೆ ಮಡಿಸಿ, ಒಂದು ಮಗ್ಗುಲು ನೆಲಕ್ಕೆ, ಇನ್ನೊಂದು ಸಿಲ್‌ಗೆ ಹತ್ತುವ ಹಾಗೆ ಮಾಡಿದೆವು. ಕಾರಿನ ನೆಲದಲ್ಲಿ ನಿಜವಾಗಿ ಗಟ್ಟಿ ಇರೋದು ಸಿಲ್ ಪೆಟ್ಟಿಗೆಯೇ. ಭಾರ ಅದಕ್ಕೆ ಹೋಗಬೇಕು. ಬಿಲ್ಲು ಲೆಕ್ಕ ಹಾಕಿದಾಗ ಒಟ್ಟು ಖರ್ಚಿನ ಅರ್ಧ ಈ ನೆಲಕ್ಕೇ ಹೋಗಿತ್ತು.

ಇನ್ನು ಪೈಪು. ಮೇನ್ ಹೂಪ್‌ಗೆ 45 ಎಂಎಂ ಹೊರವ್ಯಾಸ, 2.5 ಎಂಎಂ ದಪ್ಪ. ಮಿಕ್ಕಿದ್ದಕ್ಕೆ 38 ಎಂಎಂ, ದಪ್ಪ ಅಷ್ಟೇ. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಆಗಿರಬೇಕು, ಎಳೆತದ ಬಲ ಕನಿಷ್ಠ 350 ಮೆಗಾಪಾಸ್ಕಲ್. ಅಂಗಡಿಯಲ್ಲಿ ಕೇಳಿದರೆ ಗೇಟಿಗೆ ಹಾಕುವ ಪೈಪು ತೋರಿಸಿ "ಇದೂ ಗಟ್ಟಿನೇ ಸಾರ್" ಅಂತಾರೆ. ಒಳಗೆ ಬೆರಳು ಹಾಕಿ ನೋಡಿ, ಉದ್ದಕ್ಕೂ ಒಂದು ಗೆರೆ ಕೈಗೆ ಸಿಕ್ಕರೆ ಅದು ಶೀಟು ಸುತ್ತಿ ಬೆಸೆದ ಪೈಪು. ಬೇಡ. ಸತು ಬಳಿದ ಜಿಐ ಪೈಪಂತೂ ಬೇಡವೇ ಬೇಡ, ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ.

ಹೂಪ್‌ನ ಅಳತೆಗೆ 6 ಎಂಎಂ ಸರಳನ್ನು ಕೈಯಲ್ಲೇ ಬಗ್ಗಿಸಿ, ಕಂಬಗಳಿಗೂ ಚಾವಣಿಗೂ ತಾಗಿಸಿ ಒಂದು ಮಾದರಿ ಮಾಡಿಕೊಂಡೆ. ಚೆನ್ನಾಗಿ ಕೂತಿತ್ತು, ಫೋಟೋ ಬೇರೆ ತೆಗೆದುಕೊಂಡೆ. ಬಗ್ಗಿಸುವವನು ಸರಳನ್ನು ಪೈಪಿನ ನಡುಗೆರೆ ಅಂತ ತಿಳಿದು ಹಾಗೇ ಬಗ್ಗಿಸಿದ. ಪೈಪಿನ ಅರ್ಧ ಮೈ, ಅಂದರೆ 22.5 ಎಂಎಂ, ಸುತ್ತಲೂ ಜಾಸ್ತಿ ಬಂತು. ಹೂಪ್ ಒಳಗೆ ನಿಲ್ಲಲೇ ಇಲ್ಲ. ತಪ್ಪು ಅವನದಲ್ಲ, ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಹೇಗೂ ಆ ಹೂಪ್ ಕೆಲಸಕ್ಕೆ ಬರುತ್ತಿರಲಿಲ್ಲ ಬಿಡಿ. ಪ್ಲಂಬಿಂಗ್ ಪೈಪು ಬಗ್ಗಿಸುವ ಹೈಡ್ರಾಲಿಕ್ ಮೆಷಿನ್‌ನಲ್ಲಿ ಮಾಡಿಸಿದ್ದು. ಬಾಗಿದ ಕಡೆ ಪೈಪು ಚಪ್ಪಟೆಯಾಗಿತ್ತು. ವರ್ನಿಯರ್ ಹಾಕಿದರೆ ಒಂದು ಕಡೆ 39, ಇನ್ನೊಂದು ಕಡೆ 48. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ 0.9ಕ್ಕಿಂತ ಕಮ್ಮಿ ಬರಬಾರದು, ಇಲ್ಲಿ 0.81 ಬಂತು. ಎರಡನೇ ಸಲ ಪೀಣ್ಯಕ್ಕೆ ಹೋಗಿ, ಪೈಪಿನೊಳಗೆ ಗುಂಡು ಇಟ್ಟು ಬಗ್ಗಿಸುವ ಮ್ಯಾಂಡ್ರೆಲ್ ಮೆಷಿನ್‌ನಲ್ಲಿ ಮಾಡಿಸಿದೆ. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟು, ಅಂದರೆ 135 ಎಂಎಂಗೆ ಕಮ್ಮಿ ಇರಬಾರದು. ಹೂಪ್ ಪೂರ್ತಿ ಒಂದೇ ತುಂಡು, ಬಿಸಿ ಮಾಡದೆ ಬಗ್ಗಿಸಿದ್ದು.

ಅದನ್ನು ಕಾರಿನೊಳಗೆ ತರೋದು ಹಳೇ ಮನೆಯ ಸಣ್ಣ ಬಾಗಿಲಲ್ಲಿ ಮಂಚ ಒಳಗೆ ತಂದ ಹಾಗೆ. ಒಂದು ಕಾಲು ಮೊದಲು, ಆಮೇಲೆ ಅಡ್ಡ, ಆಮೇಲೆ ಮೇಲೆ. ಮೂರು ಜನ, ಮೂರೂ ಜನರ ಬೈಗುಳ. ಚಾವಣಿಯ ಬಟ್ಟೆ ಒಂದು ಕಡೆ ಹರಿಯಿತು.

ಬೋಲ್ಟ್ ಕೇಜ್‌ನ ದೊಡ್ಡ ಲಾಭ ಆಗ ತಿಳಿಯಿತು. ಪೈಪು ಸೇರುವ ಕಡೆ ಸುತ್ತಲೂ ಪೂರ್ತಿ ವೆಲ್ಡ್ ಬೇಕು. ಚಾವಣಿಗೆ ಅಂಟಿಕೊಂಡ ಪೈಪಿನ ನೆತ್ತಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಾದರೂ ಹೇಗೆ? ನಮಗೆ ಆ ಕಷ್ಟವಿಲ್ಲ. ಕಾರಿನೊಳಗೆ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿ ವೆಲ್ಡ್, ಹಾಕಿ, ಒಂದೊಂದೇ ಭಾಗ ಹೊರಗೆ ತಂದು ಆರಾಮಾಗಿ ಪೂರ್ತಿ ವೆಲ್ಡ್ ಮಾಡಿದೆವು. ಒಂದೇ ಎಚ್ಚರಿಕೆ, ವೆಲ್ಡ್ ಬಿಸಿಗೆ ಹೂಪ್‌ನ ಕಾಲುಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಹೊರಗೆ ತೆಗೆಯುವ ಮುಂಚೆ ಎರಡು ಕಾಲಿನ ನಡುವೆ ಒಂದು ವೇಸ್ಟ್ ಪೈಪನ್ನು ಅಡ್ಡಗಟ್ಟಾಗಿ ಟ್ಯಾಕ್ ಹಾಕಿ. ನೆಲಕ್ಕೆ ತೂತು ಹೊಡೆಯೋದು ವೆಲ್ಡ್ ಎಲ್ಲಾ ಮುಗಿದ ಮೇಲೆಯೇ.

ತೂತಿನ ವಿಷಯಕ್ಕೆ ಬಂದರೆ, ಇವತ್ತಿಗೂ ನೆನೆಸಿಕೊಂಡರೆ ಬೆವರುತ್ತೇನೆ. ಮೊದಲ ತೂತು ಮೇಲಿಂದ ಹೊಡೆಯುತ್ತಿದ್ದೆ. ಶೆಡ್ಡಿನ ಹುಡುಗ ಕಾರಿನ ಕೆಳಗೆ ಮಲಗಿ ಬ್ಯಾಟರಿ ಲೈಟ್ ಬಿಟ್ಟು ನೋಡುತ್ತಿದ್ದ. "ಅಣ್ಣಾ ನಿಲ್ಸಿ, ನಿಲ್ಸಿ!" ಅಂತ ಕೂಗಿದ. ಡ್ರಿಲ್ ಬಿಟ್‌ನ ತುದಿ ಬ್ರೇಕ್ ಪೈಪಿನಿಂದ ಒಂದು ಬೆರಳು ದೂರದಲ್ಲಿತ್ತು. ಆಮೇಲೆ ಪೈಪಿನ ಕ್ಲಿಪ್ ಬಿಚ್ಚಿ ಪಕ್ಕಕ್ಕೆ ಸರಿಸಿಯೇ ಮುಂದುವರಿದೆ. ಕಾಲಿಗೆ ಮೂರು ಬೋಲ್ಟ್ ಕನಿಷ್ಠ, ನಾನು ನಾಲ್ಕು ಹಾಕಿದೆ. ನಿಯಮ ಎಂ8, ಅಂದರೆ 8 ಎಂಎಂ ಬೋಲ್ಟ್ ಸಾಕು ಅನ್ನುತ್ತೆ, ನಾನು ಎಂ10 ತಗೊಂಡೆ. ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನದ ಗ್ರೇಡು 8.8 ಅಂತ ಕೊರೆದಿರಬೇಕು. ಏನೂ ಬರೆದಿರದ ಬೋಲ್ಟು ಬೇಲಿಗೆ ಸಾಕು, ಇಲ್ಲಿಗಲ್ಲ. ನೆಲದ ಕೆಳಗೂ ಇನ್ನೊಂದು ಪ್ಲೇಟು, ತಾನಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು.

ಹಿಂದಿನ ಆಸರೆ ಪೈಪುಗಳು ಹೂಪ್‌ನ ಮೇಲಿನ ಬಾಗುಗಳ ಹತ್ತಿರದಿಂದ ಶುರುವಾಗಿ ಹಿಂದಿನ ಚಕ್ರದ ಗೂಡಿನ ಮೇಲೆ ಇಳಿಯುತ್ತವೆ. ಅವು ನೇರವಾಗಿರಬೇಕು, ನೆಟ್ಟಗೆ ನಿಂತ ಗೆರೆಗೆ ಕನಿಷ್ಠ 30 ಡಿಗ್ರಿ ವಾಲಿರಬೇಕು. ಅದಕ್ಕಾಗಿ ಹಿಂದಿನ ಸೀಟೂ ಹೋಯಿತು, ಅದರ ಹಿಂದಿನ ಹಲಗೆಗೆ ಎರಡು ತೂತೂ ಬಿತ್ತು. ಇದಷ್ಟೇ ಅಮ್ಮನಿಗೆ ಇನ್ನೂ ಬೇಜಾರು.

ಮುಂದಿನ ಎರಡು ಕಾಲು, ಬಾಗಿಲ ಪೈಪು, ಹೂಪ್‌ನ ಕರ್ಣ ಪೈಪು ಇವೆಲ್ಲ ಬೇಗ ಮುಗಿದವು. ಪ್ಲೇಟು ಬೋಲ್ಟು ಸೇರಿ 45 ಕೆಜಿ ಮೇಲಾಯಿತು.

ತಲೆ ತಾಗುವ ಕಡೆಗೆಲ್ಲ ಪ್ಯಾಡಿಂಗ್ ಹಾಕಿದೆ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಹಾಕಿಕೊಂಡವರನ್ನು ನೋಡಿದ್ದೇನೆ. ಹೆಬ್ಬೆರಳಲ್ಲಿ ಒತ್ತಿದರೆ ಕಬ್ಬಿಣ ಸಿಗುತ್ತೆ. ಹೆಲ್ಮೆಟ್ ತಾಗುವ ಜಾಗಕ್ಕೆ ಬೇಕಾದದ್ದು ಎಫ್‌ಐಎ 8857-2001 ಟೈಪ್ ಎ ಅಂತ ಬರೆದಿರುವ ಪ್ಯಾಡು, ಒತ್ತಿದರೆ ಹೆಚ್ಚುಕಮ್ಮಿ ಮರದ ಥರ ಇರುತ್ತೆ. ಅದಿದ್ದರೂ ಹೆಲ್ಮೆಟ್ ಇಲ್ಲದೆ, ಮೈಯನ್ನು ಸೀಟಿಗೆ ಬಿಗಿದು ಹಿಡಿಯುವ ಹಾರ್ನೆಸ್ ಇಲ್ಲದೆ ಈ ಕಾರಲ್ಲಿ ಕೂರಬಾರದು. ಸಣ್ಣ ಗುದ್ದಿಗೂ ಬರಿ ತಲೆ ಪೈಪಿಗೆ ಬಡಿದರೆ, ಕೇಜ್ ಇಲ್ಲದ ಕಾರಿಗಿಂತ ಕೆಟ್ಟ ಏಟು. ಅದಕ್ಕೇ ಕೇಜ್ ಇರುವಾಗ ಇದು ಬಿ.ಎಚ್. ರಸ್ತೆಗೆ ಇಳಿಯಲ್ಲ. ಮೈದಾನಕ್ಕೆ ಟೋಯಿಂಗ್ ಗಾಡಿ ಮೇಲೇ ಹೋಗುತ್ತೆ. "ಒಂದ್ ರೌಂಡ್ ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗ್ಬರೋಣ" ಅಂದ ಗೆಳೆಯರನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋದೆ.

ಮೊದಲ ಸಲ ಮೈದಾನದಲ್ಲಿ ಹತ್ತು ಸುತ್ತು ಓಡಿಸಿ ಬಂದು, ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಟಾರ್ಕ್ ಸ್ಪ್ಯಾನರ್ ತೆಗೆದು ಎಲ್ಲಾ ಬೋಲ್ಟು ನೋಡಿದೆ. 45 ನ್ಯೂಟನ್ ಮೀಟರ್‌ಗೆ ಬಿಗಿದಿದ್ದೆ. ಎಡ ಹಿಂದಿನ ಕಾಲಿನ ಎರಡು ಬೋಲ್ಟು ಕಾಲು ಸುತ್ತು ತಿರುಗಿದವು. ಬಿಚ್ಚಿ ನೋಡಿದರೆ, ಚೆಂದ ಕಾಣಲಿ ಅಂತ ನಾನೇ ಕಾಲಿನ ತಳಕ್ಕೂ ಮೂರು ಕೋಟ್ ಪೇಂಟ್ ಹೊಡೆದಿದ್ದೆ. ಆ ಪೇಂಟು ನಜ್ಜಾಗಿ ತೆಳುವಾಗಿತ್ತು, ಬೋಲ್ಟು ಸಡಿಲವಾಗಿತ್ತು. ಆರೂ ಕಾಲಿನ ತಳ ಕೆರೆದು, ತೆಳ್ಳಗೆ ಪ್ರೈಮರ್ ಮಾತ್ರ ಹಚ್ಚಿ ಮತ್ತೆ ಬಿಗಿದೆ. ಮೇಸ್ತ್ರಿ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರು. "ಸಾರ್, ಮ್ಯಾಟ್ ಮಾತ್ರ ವಾಪಸ್ ಹಾಕಬೇಡಿ, ನೆಲ ಕಾಣ್ತಿರಲಿ" ಅಂದರು. ಹಾಕಿಲ್ಲ.