ಎಲೆ ಕೆಟ್ಟದ್ದೋ, ಆಟ ಕೆಟ್ಟದ್ದೋ: ಫೋನ್ ರಮ್ಮಿಯನ್ನು ಲೆಕ್ಕಕ್ಕೆ ಹಚ್ಚುವ ಬಗೆ

ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಇಸ್ಪೀಟ್ ಎಲೆಗೂ ಥಂಡಿ ಹಿಡಿಯುತ್ತದೆ. ಒಂದಕ್ಕೊಂದು ಅಂಟಿಕೊಂಡು, ಎಷ್ಟು ಕಲಸಿದರೂ ಹಿಂದಿನ ಆಟದ ಸೀಕ್ವೆನ್ಸು (ಇಸ್ಪೀಟು 5, 6, 7ರಂಥ ಸಾಲು) ಗಂಟುಗಂಟಾಗಿ ಯಾರದ್ದೋ ಕೈಗೆ ಬಂದು ಕೂರುತ್ತದೆ. ಜಗಲಿಯಲ್ಲಿ ಹಾಗೆ ಆಡಿ ರೂಢಿಯಾದವರು ಫೋನಿನಲ್ಲಿ ರಮ್ಮಿ ಶುರು ಮಾಡಿದಾಗ ಹೇಳುವ ಮೊದಲ ಮಾತು, "ಇದ್ರಲ್ಲಿ ಎಲೆನೇ ಬರಲ್ಲ ಮಾರಾಯ, ಏನೋ ಮೋಸ ಇದೆ." ಮೋಸ ಇರಲೂಬಹುದು, ಅದನ್ನು ಪರೀಕ್ಷಿಸುವ ದಾರಿ ಮುಂದೆ ಬರುತ್ತದೆ. ಆದರೆ ಬಹಳ ಸಲ ಆಗಿರುವುದು ಇಷ್ಟೇ: ಆ್ಯಪ್ ಎಲೆಯನ್ನು ಸರಿಯಾಗಿ ಕಲಸಿದೆ, ನಾವು ಕೈಯಲ್ಲಿ ಕಲಸುತ್ತಿದ್ದುದು ಸರಿ ಇರಲಿಲ್ಲ. ಕಟ್ಟನ್ನು ಎರಡು ಭಾಗ ಮಾಡಿ ಎಲೆಗೆ ಎಲೆ ಹೆಣೆದು ಕಲಸಿದರೂ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು 7 ಸಲ ಬೇಕು ಎಂದು ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ನಾವು ಮಾಡುವುದು ಅಂಗೈಯಲ್ಲಿ ಹಿಡಿದು ನಾಲ್ಕು ಸಲ ಎತ್ತಿ ಹಾಕುವುದು.

ಶುರುವಿಗೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಬಿಟ್ಟಿ ಚಿಪ್ಸಿನ ಟೇಬಲಿಗೆ, ಗೆಳೆಯರ ಪ್ರೈವೇಟ್ ಟೇಬಲಿಗೆ. ಬೀಳುವ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಭೇದವನ್ನೇ ಎಣಿಸಲಿಲ್ಲ. ಕೌಶಲವಾಗಲಿ ಅದೃಷ್ಟವಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷಿದ್ಧ ಎಂದಿತು. ಹಾಗಾಗಿ "ಇದು ಸ್ಕಿಲ್ ಗೇಮ್, ಏನೂ ಆಗಲ್ಲ" ಎಂದು ದುಡ್ಡಿನ ಟೇಬಲಿಗೆ ಕರೆಯುವವರ ಮಾತಿಗೆ ಈಗ ಬುಡವಿಲ್ಲ.

ಮೊದಲು ಆಟ ಯಾವುದು ನೋಡಿ

ಅಂದರ್ ಬಾಹರ್‌ನಲ್ಲಿ ಆಡುವವನ ಕೈಯಲ್ಲಿ ಏನೂ ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ಕೂದಲೆಳೆಯಷ್ಟು, ಅಂದರೆ ನೂರಕ್ಕೆ ಐವತ್ತೊಂದೂವರೆಯಷ್ಟು ಅನುಕೂಲ ಇದೆ, ಅಷ್ಟೇ. ತೀನ್ ಪತ್ತಿಯಲ್ಲಿ 22,100 ಬಗೆಯ ಕೈಗಳಿದ್ದು, ಅದರಲ್ಲಿ ಮೂರೂ ಒಂದೇ ಎಲೆ ಬರುವುದು 52ರಲ್ಲಿ ಮಾತ್ರ. ಅಲ್ಲಿ ಇರುವ ಚೂರುಪಾರು ಜಾಣತನವೂ ಪಣದ್ದು. ಪಣ ತೆಗೆದರೆ ಉಳಿಯುವುದು ಎಲೆ ತಿರುಗಿಸುವ ಕೆಲಸ. ಅವೆರಡನ್ನೂ ಅಭ್ಯಾಸ ಮಾಡಿ ಸುಧಾರಿಸುತ್ತೇನೆ ಎನ್ನುವವರಿಗೆ ಹೇಳುವುದೇನೂ ಇಲ್ಲ. ಲೆಕ್ಕ ಹಾಕಿ ಉಪಯೋಗ ಇರುವುದು 13 ಎಲೆಯ ರಮ್ಮಿಗೆ, ನಾಲ್ವರು ಎರಡು ಜೋಡಿಯಾಗಿ ಆಡುವ 28ಕ್ಕೆ.

ಕೈಗೆ ಬಂದದ್ದು ಎಷ್ಟು ಅದೃಷ್ಟ?

ಇಬ್ಬರ ಆಟ, ಎರಡು ಕಟ್ಟು, ಎರಡು ಅಚ್ಚಿನ ಜೋಕರ್ ಎಂದುಕೊಳ್ಳಿ: ಒಟ್ಟು 106 ಎಲೆ. ಒಂದು ಎಲೆ ತೆರೆದು ಜೋಕರ್ (ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಎಲೆ) ಮಾಡುತ್ತಾರೆ. ಆ ಬಗೆಯ ಎಲೆ ಉಳಿದದ್ದು 7, ಅಚ್ಚಿನದು 2, ಒಟ್ಟು 9 ಜೋಕರ್ 105 ಎಲೆಯೊಳಗೆ ಅಡಗಿವೆ. ಇಷ್ಟು ಗೊತ್ತಾದರೆ ನಿಮ್ಮ 13 ಎಲೆಯಲ್ಲಿ ಜೋಕರ್ ಎಷ್ಟು ಬರಬೇಕು ಎಂಬುದು ಲೆಕ್ಕದ ವಿಷಯ. ನೂರು ಕೈ ಆಡಿದರೆ ಸುಮಾರು 29 ಕೈಯಲ್ಲಿ ಒಂದೂ ಇರುವುದಿಲ್ಲ, 40ರಲ್ಲಿ ಒಂದು, 31ರಲ್ಲಿ ಎರಡು ಅಥವಾ ಹೆಚ್ಚು. ಮೂರು ಗುಂಪೂ ಹೆಚ್ಚುಕಡಿಮೆ ಸರಿಸಮ ಇರುವುದರಿಂದ ಅದೃಷ್ಟವನ್ನು ಅಳೆಯಲು ಇದಕ್ಕಿಂತ ಸಲೀಸಾದ ಕೋಲು ಬೇರೆ ಇಲ್ಲ.

ಆ್ಯಪ್ ಮೋಸ ಮಾಡುತ್ತಿದೆಯೇ ಎಂಬ ಅನುಮಾನಕ್ಕೂ ಇದೇ ಕೋಲು. 200 ಕೈಗಳಲ್ಲಿ, ಎಲೆ ಹಂಚಿದ ತಕ್ಷಣ, ಡ್ರಾಪ್ ಮಾಡುವ (ಆ ಕೈ ಆಡದೆ ಬಿಟ್ಟುಕೊಡುವ) ಮುಂಚೆ, ಜೋಕರ್ ಇದೆಯೋ ಇಲ್ಲವೋ ಗುರುತು ಹಾಕಿ. ಜೋಕರ್ ಇಲ್ಲದ ಕೈ 58ರ ಆಸುಪಾಸು ಬರಬೇಕು. 45ರಿಂದ 71ರವರೆಗೆ ಬಂದರೂ ಸಹಜ. 90 ಬಂತೆಂದರೆ ಒಂದೋ ನಿಮ್ಮ ಆ್ಯಪಿನ ಕಟ್ಟಿನ ಲೆಕ್ಕ ಬೇರೆ ಇದೆ (ಕೆಲವು ಆ್ಯಪ್ ಇಬ್ಬರಿಗೆ ಒಂದೇ ಕಟ್ಟು ಹಾಕುತ್ತವೆ, ನಿಯಮದ ಪುಟ ನೋಡಿ), ಇಲ್ಲವೇ ಕಲಸುವಿಕೆಯೇ ಸರಿ ಇಲ್ಲ. ಅಂಥದ್ದು ಆಗದ್ದೇನಲ್ಲ. 1999ರಲ್ಲಿ ಒಂದು ಆನ್‌ಲೈನ್ ಪೋಕರ್ ತಂತ್ರಾಂಶ ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಗಿದೆ ಎಂಬ ಸಂಖ್ಯೆಯಿಂದ ಎಲೆ ಕಲಸುತ್ತಿದ್ದುದು ಬಯಲಾಯಿತು. ದಿನಕ್ಕೆ 8 ಕೋಟಿ 64 ಲಕ್ಷ ಮಿಲಿಸೆಕೆಂಡು. ಅಷ್ಟನ್ನು ಕಂಪ್ಯೂಟರು ಗುಡಿಸಿ ಹುಡುಕಬಲ್ಲದು. 52 ಎಲೆಯನ್ನು ನಿಜವಾಗಿ ಕಲಸಿದರೆ ಆಗುವ ಕ್ರಮಗಳ ಸಂಖ್ಯೆ ಬರೆಯಲು 8ರ ಮುಂದೆ 67 ಸೊನ್ನೆ ಬೇಕು.

ಕೌಶಲ ಕಾಣುವ ಜಾಗ

ಒಂದು ಕೈಯ ಮೂರೇ ಎಲೆ ನೋಡೋಣ. ಜೋಕರ್ ರಾಣಿ. ನಿಮ್ಮಲ್ಲಿ ಇಸ್ಪೀಟು 6 ಮತ್ತು 8 ಇದ್ದರೆ ಕಾಯುವುದು ಇಸ್ಪೀಟು 7ಕ್ಕೆ ಮಾತ್ರ, ಕಟ್ಟು ಎರಡಾದ್ದರಿಂದ 2 ಎಲೆ. ಇಸ್ಪೀಟು 6, 7 ಇದ್ದರೆ 5 ಬಂದರೂ ಆಯ್ತು, 8 ಬಂದರೂ ಆಯ್ತು: 4 ಎಲೆ. ಅದರ ಜೊತೆಗೆ ಆಟೀನು 7 ಇಟ್ಟುಕೊಂಡರೆ, ಬೇರೆ ಬೇರೆ ಬಣ್ಣದ (ಇಸ್ಪೀಟು, ಆಟೀನು, ಡೈಮಂಡ್, ಕಳಾವರ) ಮೂರು 7 ಸೇರಿದರೂ ಸೆಟ್ ಆಗುವುದರಿಂದ, ಡೈಮಂಡ್ 7, ಕಳಾವರ 7 ಸೇರಿ ಇನ್ನೂ 4, ಒಟ್ಟು 8 ಎಲೆ. ಆಟದ ಆರಂಭದಲ್ಲಿ ನಿಮ್ಮ ಕಣ್ಣಿಗೆ ಬೀಳದ ಎಲೆ 91 (106ರಲ್ಲಿ ನಿಮ್ಮ 13, ಜೋಕರ್ 1, ತೆರೆದ ಎಲೆ 1 ಕಳೆದರೆ). ಮುಚ್ಚಿದ ಕಟ್ಟಿನಿಂದ 10 ಸಲ ಎಳೆದರೆ ಬೇಕಾದ ಎಲೆ ಸಿಗುವ ಸಂಭವ ಹೀಗಿದೆ:

2 ಎಲೆಗೆ ಕಾದರೆ ನೂರಕ್ಕೆ 21
4 ಎಲೆಗೆ ಕಾದರೆ ನೂರಕ್ಕೆ 38
8 ಎಲೆಗೆ ಕಾದರೆ ನೂರಕ್ಕೆ 62

ಎಳೆಯುವ ಎಲೆ ಅದೃಷ್ಟದ್ದು, ಸರಿ. ಆದರೆ 21ಕ್ಕೆ ಕಾಯಬೇಕೋ 62ಕ್ಕೆ ಕಾಯಬೇಕೋ ಎಂದು ತೀರ್ಮಾನ ಮಾಡಿದ್ದು ನೀವು, ಅದೂ ಬೇರೊಂದು ಎಲೆ ಎಸೆಯುವ ಹೊತ್ತಿನಲ್ಲಿ. ಎಕ್ಕ-2 ಹಿಡಿದು ಕೂತವನು 3ಕ್ಕೊಂದಕ್ಕೇ ಬಾಯಿ ತೆರೆದಿರಬೇಕು. ನಡುವಿನ 5ರಿಂದ 9ರವರೆಗಿನ ಎಲೆಗಳಿಗೆ ಎರಡು ಕಡೆಯೂ ಬಾಗಿಲು.

ಇಲ್ಲಿ ಸಾಮಾನ್ಯವಾಗಿ ತಪ್ಪುವುದು, ಬಿದ್ದ ಎಲೆ ಕಳೆಯದೇ ಇರುವುದು. ಇಸ್ಪೀಟು 8 ಒಂದು ಕೆಳಗೆ ಬಿದ್ದರೆ ನಿಮ್ಮ 4 ಈಗ 3. ಎದುರಿನವನು ತೆರೆದ ರಾಶಿಯಿಂದ ಇಸ್ಪೀಟು 5 ಎತ್ತಿಕೊಂಡನೆಂದರೆ ಇನ್ನೊಂದು ಹೋಯಿತು, ಜೊತೆಗೆ ಅವನು ಅದೇ ಬಣ್ಣದ 4, 6ರ ಸುತ್ತ ಏನೋ ಕಟ್ಟುತ್ತಿದ್ದಾನೆ ಎಂದು ಗೊತ್ತಾಯಿತು. ಎತ್ತಿಕೊಂಡ ಎಲೆ ನೆನಪಿರಬೇಕಾದದ್ದು ಎಸೆದ ಎಲೆಗಿಂತ ಮುಖ್ಯ. ಎಸೆದದ್ದನ್ನು ಬಹಳಷ್ಟು ಆ್ಯಪ್ ಪಟ್ಟಿ ಮಾಡಿ ತೋರಿಸುತ್ತವೆ. ಅವನು ಕಳಾವರ 9 ಎತ್ತಿಕೊಂಡ ಮೇಲೆ ಕಳಾವರ 7, 8, 10, ಗುಲಾಮ ಮತ್ತು ಯಾವ ಬಣ್ಣದ 9 ಆದರೂ ನೀವು ಎಸೆದರೆ ಕರೆದು ಕೊಟ್ಟ ಹಾಗೆ.

ರಾಜ, ರಾಣಿ, ಗುಲಾಮ ಕೈಯಲ್ಲಿದ್ದರೆ 10 ಪಾಯಿಂಟ್ ಭಾರ, ಮೊದಲೇ ಎಸೆ ಎಂಬುದು ಎಲ್ಲರೂ ಕಲಿಯುವ ಪಾಠ. ಎಲ್ಲರೂ ಎಸೆಯುವುದರಿಂದಲೇ ಮೊದಲ ಮೂರು ಸುತ್ತಿನಲ್ಲಿ ಅವು ತೆರೆದ ರಾಶಿಯಲ್ಲಿ ಸಸ್ತಾ ಸಿಗುತ್ತವೆ. ಜೊತೆ ಇಲ್ಲದ ರಾಜನನ್ನು ಕಳಿಸಿ. ಒಂದೇ ಬಣ್ಣದ ಗುಲಾಮ-10 ಇದ್ದರೆ ಮೂರು ಸುತ್ತು ತಡೆಯಿರಿ, ಆಮೇಲೂ ಬರದಿದ್ದರೆ ಬಿಡಿ.

ಆ್ಯಪಿನ ಸಾರ್ಟ್ ಬಟನ್ ನೆಚ್ಚಬೇಡಿ. ಅದು ಬಣ್ಣದ ಪ್ರಕಾರ ಜೋಡಿಸುತ್ತದೆ, ಮೂರು ಬಣ್ಣದಲ್ಲಿ ಹಂಚಿಹೋದ 7ರ ಸೆಟ್ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಸಲ ಸಾರ್ಟ್ ಮಾಡಿ, ನಂತರ ಕೈಯಾರೆ ಗುಂಪು ಮಾಡಿ. ಜೋಕರ್ ಸೇರಿಸಿದ ಸೀಕ್ವೆನ್ಸನ್ನು ಪ್ಯೂರ್ (ಜೋಕರ್ ಸೇರದ್ದು) ಎಂದುಕೊಂಡು ಶೋ ಕೊಟ್ಟರೆ, ಅಂದರೆ ಆಟ ಮುಗಿಯಿತೆಂದು ಎಲೆ ತೋರಿಸಿದರೆ, 80 ಪಾಯಿಂಟ್ ತಲೆಗೆ ಬಂತು, ಇದರಲ್ಲಿ ಅದೃಷ್ಟದ ಪಾತ್ರ ಸೊನ್ನೆ.

ಡ್ರಾಪ್ ಲೆಕ್ಕ

ಮೊದಲೇ ಬಿಟ್ಟರೆ ದಂಡ 20 ಪಾಯಿಂಟ್, ನಡುವೆ ಬಿಟ್ಟರೆ 40, ಪೂರ್ತಿ ಸೋತರೆ 80ರವರೆಗೆ. ಪಾಯಿಂಟ್ ರಮ್ಮಿಯಲ್ಲಿ (ಒಂದೊಂದು ಆಟಕ್ಕೂ ಬೇರೆ ಲೆಕ್ಕ) ಬಿಡಬೇಕೋ ಬೇಡವೋ ಎನ್ನಲು ಎರಡು ಸಂಖ್ಯೆ ಸಾಕು: ಆಡಿ ಸೋತಾಗ ಸರಾಸರಿ ಎಷ್ಟು ಹೋಗುತ್ತದೆ, ಗೆದ್ದಾಗ ಸರಾಸರಿ ಎಷ್ಟು ಬರುತ್ತದೆ. ಸೋಲಿನ ಸರಾಸರಿಯಿಂದ 20 ಕಳೆಯಿರಿ, ಅದನ್ನು ಎರಡೂ ಸರಾಸರಿಗಳ ಮೊತ್ತದಿಂದ ಭಾಗಿಸಿ. ಸೋತಾಗ 45, ಗೆದ್ದಾಗ 35 ಇದ್ದರೆ 25 ಭಾಗಿಸು 80, ಅಂದರೆ ನೂರಕ್ಕೆ 31. ಆ ಬಗೆಯ ಕೈಯಲ್ಲಿ ನೀವು ನೂರಕ್ಕೆ 31ಕ್ಕಿಂತ ಕಡಿಮೆ ಗೆಲ್ಲುವುದಾದರೆ ಬಿಡುವುದೇ ಲಾಭ. ಪೂಲ್ ಆಟಕ್ಕೆ (ಸೋಲಿನ ಪಾಯಿಂಟ್ ಕೂಡುತ್ತಾ ಮಿತಿ ಮುಟ್ಟಿದವನು ಹೊರಬೀಳುವ ಆಟ) ಈ ಸೂತ್ರ ಹೀಗೇ ಹೊಂದುವುದಿಲ್ಲ, ಅಲ್ಲಿ ಗೆದ್ದವನಿಗೆ ಪಾಯಿಂಟ್ ಬರುವುದಿಲ್ಲ.

"ಒಂದೇ ಒಂದು ಎಲೆ ನೋಡಿ ಬಿಡ್ತೀನಿ" ಎನ್ನುವುದು ದುಬಾರಿ ಚಟ. ಆ ಒಂದು ಎಲೆಗೆ ನೀವು ಕೊಡುವ ಬೆಲೆ 20 ಪಾಯಿಂಟ್ (20 ಇದ್ದದ್ದು 40 ಆಗುತ್ತದೆ), ನೀವು ಕಾಯುವ 4 ಎಲೆಯಲ್ಲಿ ಒಂದು ಬರುವ ಸಂಭವ 91ಕ್ಕೆ 4.

ನೋಟ್‌ಬುಕ್

ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ ಇದ್ದರೆ ಚೆನ್ನ. ಕೈಗೊಂದು ಸಾಲು, ಐದು ಕಲಂ: ಹಂಚಿದಾಗ ಜೋಕರ್ ಎಷ್ಟು, ಪ್ಯೂರ್ ಇತ್ತೇ, ಆಡಿದ್ದೋ ಬಿಟ್ಟದ್ದೋ, ಪಾಯಿಂಟ್, ತಪ್ಪು. ಕೊನೆಯ ಕಲಂ ಮುಖ್ಯ, ಅದನ್ನು ತುಂಬುವುದಕ್ಕೇ ಜನ ಸೋಮಾರಿತನ ಮಾಡುತ್ತಾರೆ. ಅನುಮಾನ ಬಂದ ಎಸೆತಕ್ಕೆ ಮುಂಚೆ ಸ್ಕ್ರೀನ್‌ಶಾಟ್ ಹೊಡೆದುಕೊಳ್ಳಿ. ಮಾರನೇ ದಿನ, ಆ ಆಟ ಗೆದ್ದದ್ದೋ ಸೋತದ್ದೋ ಮರೆತ ಮೇಲೆ, ಚಿತ್ರ ನೋಡಿ ಯಾವ ಎಲೆ ಎಸೆಯಬೇಕಿತ್ತು ಎಂದು ಎಣಿಸಿ. ಗೆದ್ದ ಆಟದಲ್ಲೂ ತಪ್ಪು ಸಿಗುತ್ತದೆ. 8 ಎಲೆಗೆ ಕಾಯುವುದನ್ನು ಬಿಟ್ಟು 2 ಎಲೆಗೆ ಕಾದು, ಅದೇ ಬಂದು ಗೆದ್ದಿದ್ದರೆ ಅದೂ ತಪ್ಪೇ.

ತಿಂಗಳ ಕೊನೆಗೆ ಸಾಲುಗಳನ್ನು ಜೋಕರ್ ಪ್ರಕಾರ ಮೂರು ಗುಂಪು ಮಾಡಿ. ಜೋಕರ್ ಇಲ್ಲದ, ಪ್ಯೂರ್ ಇಲ್ಲದ ಕೈ 40 ಆಡಿ 9 ಗೆದ್ದಿದ್ದರೆ ಅದು ನೂರಕ್ಕೆ 22 ಚಿಲ್ಲರೆ. ಮೇಲಿನ 31ಕ್ಕೆ ಹೋಲಿಸಿ. ಮುಂದಿನ ತಿಂಗಳು ಅಂಥ ಕೈ ಬಿಡಿ. ಎರಡು ಜೋಕರ್ ಬಂದ ಕೈಯಲ್ಲೂ ಸೋಲುತ್ತಿದ್ದರೆ ಎಲೆಯನ್ನು ಬೈಯುವ ಹಾಗಿಲ್ಲ.

"ನಾನು ಅವನಿಗಿಂತ ಚೆನ್ನಾಗಿ ಆಡ್ತೀನಿ" ಎನ್ನಲು ಎಷ್ಟು ಆಟ ಬೇಕು? ಇಬ್ಬರ ಆಟಕ್ಕೆ ಒಂದು ಸುಲಭ ಲೆಕ್ಕವಿದೆ. ಆಡಿದ ಆಟಗಳ ವರ್ಗಮೂಲ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚು ಗೆದ್ದದ್ದು ಆ ಸಂಖ್ಯೆಯನ್ನು ದಾಟಿದರೆ ಮಾತ್ರ ಕೌಶಲ ಎನ್ನಿ. 100 ಆಟಕ್ಕೆ ವರ್ಗಮೂಲ 10: 60 ದಾಟಬೇಕು, 55 ಗೆದ್ದದ್ದು ನಾಣ್ಯ ಚಿಮ್ಮಿದರೂ ಆಗುವಂಥದ್ದು. 400 ಆಟಕ್ಕೆ 220 ದಾಟಬೇಕು. ಇಬ್ಬರೂ ಸರಿಸಮರಾಗಿದ್ದರೂ 100 ಆಟದೊಳಗೆ ಎಲ್ಲಾದರೂ ಸತತ 5 ಸೋಲು ಬರುವ ಸಂಭವ ನೂರಕ್ಕೆ ಸುಮಾರು 80. ಐದು ಸೋತ ಕೂಡಲೇ ಆ್ಯಪ್ ಅಳಿಸಿ ಬೇರೆ ಹಾಕಿಕೊಳ್ಳುವುದಕ್ಕೆ ಅರ್ಥವಿಲ್ಲ.

ಬಿಟ್ಟಿ ಟೇಬಲಿನ ಗೆಲುವನ್ನು ಅಷ್ಟಾಗಿ ನಂಬಬೇಡಿ. ಅಲ್ಲಿ ಯಾರೂ ಡ್ರಾಪ್ ಮಾಡುವುದಿಲ್ಲ, ಎದ್ದು ಹೋಗುವವರೂ ಬಹಳ. ಗೊತ್ತಿರುವ ಇಬ್ಬರು ಮೂವರ ಜೊತೆ ಪ್ರೈವೇಟ್ ಟೇಬಲಿನಲ್ಲಿ, ಪಾಯಿಂಟ್ ಪುಸ್ತಕದಲ್ಲಿ ಬರೆದು ಆಡಿದ 100 ಆಟಕ್ಕೆ ಅದರ ಸಾವಿರ ಆಟಕ್ಕಿಂತ ತೂಕ ಹೆಚ್ಚು.

ಮಲೆನಾಡಿನಲ್ಲಿ ಇನ್ನೊಂದು ಅದೃಷ್ಟ ಇದೆ: ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುವುದು. ಸಂಪರ್ಕ ಕಡಿದರೆ ಆ್ಯಪ್ ನಿಮ್ಮ ಪರವಾಗಿ ಎಲೆ ಎಳೆದು ಅದನ್ನೇ ಎಸೆಯುತ್ತದೆ, ಇಲ್ಲವೇ ಡ್ರಾಪ್ ಎಂದು ಬರೆಯುತ್ತದೆ. ಅಂಥ ಆಟದ ಸಾಲಿಗೆ ಅಡ್ಡಗೆರೆ ಎಳೆದು ಲೆಕ್ಕದಿಂದ ತೆಗೆಯಿರಿ. ಸೋತದ್ದನ್ನು ಮಾತ್ರವಲ್ಲ, ಎದುರಿನವನ ನೆಟ್‌ವರ್ಕ್ ಹೋಗಿ ಗೆದ್ದದ್ದನ್ನೂ.

ಎಲೆಯ ಅದೃಷ್ಟವನ್ನೇ ತೆಗೆದುಹಾಕಲು

28 ಆಡುವ ಎಂಟು ಜನ ಸಿಕ್ಕಿದರೆ ಬ್ರಿಜ್ ಎಂಬ ಇಸ್ಪೀಟ್ ಆಟದವರ ಉಪಾಯ ಮಾಡಬಹುದು. ಎರಡು ಟೇಬಲ್, ನಾಲ್ವರ ಎರಡು ತಂಡ. ಒಂದೊಂದು ಟೇಬಲಿನಲ್ಲೂ ಎರಡೂ ತಂಡದ ಒಂದೊಂದು ಜೋಡಿ, ಆದರೆ ದಿಕ್ಕು ಅದಲುಬದಲು: ಇಲ್ಲಿ ಉತ್ತರ-ದಕ್ಷಿಣ ಕೂತ ತಂಡ ಅಲ್ಲಿ ಪೂರ್ವ-ಪಶ್ಚಿಮ ಕೂರಬೇಕು. ಆಡುವಾಗ ಎಲೆಗಳನ್ನು ನಡುವೆ ರಾಶಿ ಹಾಕದೆ ಅವರವರ ಮುಂದೆಯೇ ಇಟ್ಟುಕೊಳ್ಳಬೇಕು. ಮುಗಿದ ಮೇಲೆ ಒಬ್ಬೊಬ್ಬರ 8 ಎಲೆಯನ್ನು ಒಂದೊಂದು ಲಕೋಟೆಗೆ (ಹಳೇ ಮದುವೆ ಕರೆಯೋಲೆಯ ಕವರ್ ಸಾಕು) ಹಾಕಿ, ದಿಕ್ಕು ಬರೆದು ಇನ್ನೊಂದು ಟೇಬಲಿಗೆ ದಾಟಿಸಿ. ಅದೇ ಎಲೆಯನ್ನು ಎರಡೂ ತಂಡ ಆಡಿದಂತಾಯಿತು, ಬಂದ ವ್ಯತ್ಯಾಸ ಆಟದ್ದು. 28ರಲ್ಲಿ ಮೊದಲ 4 ಎಲೆ ನೋಡಿ ಎಷ್ಟು ಪಾಯಿಂಟ್ ಮಾಡುತ್ತೇವೆಂದು ಕರೆಯುವುದರಿಂದ, ಆ ನಾಲ್ಕು ಯಾವುವು ಎಂದು ಚೀಟಿ ಬರೆದು ಅದೇ ಲಕೋಟೆಗೆ ಸೇರಿಸಲೇಬೇಕು. ಇದನ್ನು ಮರೆತರೆ ಎರಡನೇ ಟೇಬಲಿನವರು ಬೇರೆ ನಾಲ್ಕು ನೋಡಿ ಕರೆದಿರುತ್ತಾರೆ, ಹೋಲಿಕೆ ಅಲ್ಲಿಗೆ ಕೆಟ್ಟಿತು. ಲಕೋಟೆ ಹೋಗಿ ಬರುವವರೆಗೆ ಒಂದು ಟೇಬಲಿನ ಮಾತು ಇನ್ನೊಂದಕ್ಕೆ ಕೇಳಬಾರದು. ಒಂದು ಜಗಲಿಯಲ್ಲಿ, ಇನ್ನೊಂದು ಒಳಗೆ ಹಾಕಿ.