ಅಜ್ಜಿಯ ಕೊರಿಯನ್, ಮೊಮ್ಮಗನ ಕೊರಿಯನ್: ಸ್ವರಗಳನ್ನು ಕಲಿಯುವ ಬಗೆ

ಕೊರಿಯನ್ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ: ಮಾತಾಡಲು ಮೊಮ್ಮಕ್ಕಳ ಸ್ವರ ಸಾಕು, ಕೇಳಿಸಿಕೊಳ್ಳಲು ಅಜ್ಜಿಯರ ಸ್ವರವೂ ಬೇಕು. 1988ರ ಪ್ರಮಾಣ ಉಚ್ಚಾರಣೆಯ ನಿಯಮದಲ್ಲಿ 10 ಒಂಟಿ ಸ್ವರಗಳಿವೆ. ಸಿಯೋಲ್‌ನ ಹುಡುಗರ ಬಾಯಲ್ಲಿ ಉಳಿದಿರುವುದು 7. ಎಲ್ಲ ಹತ್ತನ್ನೂ ನುಡಿಯಲು ಸುಮ್ನೆ ಒದ್ದಾಡಬೇಡಿ.

ಎರಡು ‘ಎ’ಗಳಿಂದ ಶುರು ಮಾಡಿ. ಬರವಣಿಗೆಯಲ್ಲಿ ಒಂದು ಆ-ಇ ಸೇರಿದ್ದು, ಇನ್ನೊಂದು ಅ-ಇ ಸೇರಿದ್ದು. ನಾನು ಓದುವಾಗ ಇದ್ದ ಹಾಸುಕ್‌ಜಿಪ್, ಅಂದರೆ ಊಟ-ವಸತಿಯ ಮನೆ, ನಡೆಸುತ್ತಿದ್ದ ಹಲ್ಮೊನಿ (ಅಜ್ಜಿ) ಹಳೆ ಸಿಯೋಲ್‌ನವರು. ನಾಯಿ ಎನ್ನುವಾಗ ಅವರ ಬಾಯಿ ಜಾಸ್ತಿ ತೆರೆಯುತ್ತಿತ್ತು, ಏಡಿ ಎನ್ನುವಾಗ ಕಡಿಮೆ. ಅವರ ಮೊಮ್ಮಗನಿಗೆ ಎರಡೂ ಒಂದೇ ‘ಕೆ’. ಹೊಸ ಪದ ಬರೆದುಕೊಳ್ಳುವಾಗ ಅವನು ಕೇಳುತ್ತಿದ್ದದ್ದು, “ಆ-ಇ-ನಾ, ಅ-ಇ-ನಾ?” ನೀವೂ ಹಾಗೇ ಕೇಳಿ. ಅಲ್ಲಿನವರೇ ಕೇಳುವ ಪ್ರಶ್ನೆ ಅದು, ನಾಚಿಕೆ ಬೇಡ.

ಕಿವಿ ಪಳಗಿಸಲು ನಮ್ಮ ‘ಎ’ ಹೇಳಿ, ಹಾಗೇ ದವಡೆಯನ್ನು ತುಸು ಇಳಿಸುತ್ತಾ ‘ಬ್ಯಾಂಕ್’ ಪದದ ಸ್ವರದ ಕಡೆಗೆ ಹೋಗಿ. ಅರ್ಧ ದಾರಿಯಲ್ಲಿ ನಿಲ್ಲಿ. ಅದೇ ಹಲ್ಮೊನಿಯ ಆ-ಇ.

ಎರಡು ‘ಎ’ ಒಂದಾದರೆ ‘ನಾನು’, ‘ನೀನು’ ಎರಡೂ ‘ನೆಗ’ ಆಗಿ ಗೊಂದಲ ಅಲ್ವಾ? ಅದಕ್ಕೇ ಮಾತಿನಲ್ಲಿ ‘ನೀನು’ ಎನ್ನಲು ‘ನಿಗ’ ಬಂದಿದೆ. ಗೆಳೆಯರ ಜೊತೆ ಧಾರಾಳವಾಗಿ ಬಳಸಿ. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ ಮಾತ್ರ ಅ-ಇ ಹಾಕಿಯೇ ಬರೆಯಿರಿ. ಹಿರಿಯರನ್ನು ಈ ‘ನೀನು’ ಎಂದು ಕರೆಯುವ ಹಾಗೇ ಇಲ್ಲ, ಅಲ್ಲಿಗೆ ತಾಪತ್ರಯ ಇಲ್ಲ.

ಮುಂದಿನದು ನಮಗೆ ಸಲೀಸು: ಸ್ವರದ ಉದ್ದ. ಹಿರಿಯರಿಗೆ ‘ನುನ್’ ಎಂದರೆ ಕಣ್ಣು, ‘ನೂನ್’ ಎಂದರೆ ಹಿಮ. ಹುಡುಗರಿಗೆ ಎರಡೂ ‘ನುನ್’. ನಿಯಮದ ಪ್ರಕಾರ ಉದ್ದ ಬರುವುದು ಪದದ ಮೊದಲಲ್ಲಿ ಮಾತ್ರ. ಹಾಗಾಗಿ ‘ಮೊದಲ ಹಿಮ’ ಎನ್ನುವ ಜೋಡುಪದದಲ್ಲಿ ಅದೇ ಹಿಮ ಗಿಡ್ಡವಾಗುತ್ತದೆ. ಇದನ್ನು ಗುರುತಿಸಿದರೆ ಸಾಕು, ನುಡಿಯಬೇಕಿಲ್ಲ.

ಹಳೆ ಸಿಯೋಲ್‌ನವರ ‘ಒ’ ಎಷ್ಟೋ ಕಡೆ ‘ಉ’ ಆಗುತ್ತದೆ. ‘ಜೊತೆ’ ಎನ್ನುವ ‘ಹಗೊ’ ಹೋಗಿ ‘ಹಗು’, ಚಿಕ್ಕಪ್ಪನನ್ನು ಕರೆಯುವ ‘ಸಮ್‌ಛೊನ್’ ಹೋಗಿ ‘ಸಮ್‌ಛುನ್’. ನಿಘಂಟಿನಲ್ಲಿ ಹುಡುಕಿ ಸಿಗದಿದ್ದರೆ ‘ಉ’ ತೆಗೆದು ‘ಒ’ ಹಾಕಿ ನೋಡಿ.

ಒ-ಇ ಸೇರಿದ ಅಕ್ಷರವನ್ನು ‘ವೆ’ ಎಂದುಬಿಡಿ. ತುಟಿ ದುಂಡಗಿಟ್ಟು ‘ಎ’ ಎನ್ನುವ ಹಳೆ ರೀತಿ ನಿಯಮದಲ್ಲಿದ್ದರೂ, ‘ವೆ’ಗೂ ಅದೇ ನಿಯಮ ಒಪ್ಪಿಗೆ ಕೊಟ್ಟಿದೆ.

ಕೇಳಲು ಏನು ಹಾಕಿಕೊಳ್ಳಬೇಕು? ಬರೀ ಧಾರಾವಾಹಿ ಸಾಲದು. ಕೊರಿಯಾ ಯುದ್ಧದಲ್ಲಿ ಅಗಲಿದ ಕುಟುಂಬಗಳನ್ನು ಹುಡುಕಲು 1983ರಲ್ಲಿ ಅಲ್ಲಿನ ಟಿವಿ ವಾಹಿನಿ ಕೆಬಿಎಸ್ ನಡೆಸಿದ ನೇರ ಪ್ರಸಾರದ ತುಣುಕುಗಳನ್ನು ಹುಡುಕಿ. ಆ ದಾಖಲೆಗಳು 2015ರಲ್ಲಿ ಯುನೆಸ್ಕೋದ ‘ವಿಶ್ವದ ನೆನಪು’ ಪಟ್ಟಿಗೆ ಸೇರಿವೆ. ನಾನಾ ಊರಿನ ಹಿರಿಯರ ಮಾತು ಅಲ್ಲಿದೆ. ಅತ್ತುಕೊಂಡು ಮಾತಾಡುವವರೇ ಜಾಸ್ತಿ, ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿ.

ವಯಸ್ಸೊಂದನ್ನೇ ನಂಬಬೇಡಿ. ಆಗ್ನೇಯದ ಬುಸಾನ್ ಕಡೆಯ ಅಜ್ಜಂದಿರಲ್ಲೂ ಆ ಎರಡು ‘ಎ’ ಒಂದೇ. ಸಾಲದ್ದಕ್ಕೆ ತುಟಿ ಅಗಲಿಸಿ ಹೇಳುವ ‘ಉ’ ಮತ್ತು ‘ಅ’ ಕೂಡ ಅವರಲ್ಲಿ ಬೆರೆತಿರುತ್ತವೆ. ಹಿರಿಯರು ಸಿಕ್ಕರೆ ಮೊದಲು ಅವರ ಗೊಹ್ಯಾಂಗ್, ಅಂದರೆ ಹುಟ್ಟೂರು, ಯಾವುದೆಂದು ಕೇಳಿ. ಕಿವಿ ತೆರೆಯುವುದು ಆಮೇಲೆ.